ಫರಶಿಯೊಳಗೆ ಅಡಗಿದ ಉಸಿರಿನ ಲೆಕ್ಕ

(ಕೋಥರೂಡಿನಲ್ಲಿ ನಡೆದ ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆರೋಗ್ಯ, ಅಡುಗೆ, ಸಾಹಿತ್ಯ, ಹಾಡು ಎಲ್ಲ ಆಗಿದೆ, ಈ ಸಲ ನಿಮ್ಮ ಭೂವಿಜ್ಞಾನದಿಂದ ಏನಾದರೂ ಹೇಳಿ ಎಂದು ಕೇಳಿದಿರಿ. ನಾನು ಆರಿಸಿಕೊಂಡ ವಿಷಯದ ಹೆಸರು ಸ್ವಲ್ಪ ಉದ್ದ: ಪದರುಶಿಲೆಗಳ ಸಾವಯವ ವಸ್ತುವಿನಲ್ಲಿರುವ ಇಂಗಾಲದ ಐಸೋಟೋಪ್‌ಗಳು. ಹೆಸರು ಕೇಳಿ ಯಾರೂ ಕುರ್ಚಿಯಿಂದ ಏಳಬೇಡಿ. ಈ ವಿಷಯಕ್ಕೆ ಬೇಕಾದ ಸಾಮಾನು ಮುಕ್ಕಾಲು ಪಾಲು ನಮ್ಮ ಅಡುಗೆಮನೆಯಲ್ಲೇ ಇದೆ. ಉಳಿದ ಕಾಲು ಪಾಲು ನಮ್ಮ ಕಾಲ ಕೆಳಗೇ ಇದೆ.

ಕಾಲ ಕೆಳಗಿನ ಕಲ್ಲು

ಪುಣೆಯ ನೆಲವೆಲ್ಲ ಕರಿಕಲ್ಲು. ವೇತಾಳ ಟೇಕಡಿ ಇರಲಿ, ಮ್ಹಾತೋಬಾ ಟೇಕಡಿ ಇರಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಬಸಾಲ್ಟ್ ಅದು. ಕುದಿಯುವ ಲಾವಾದೊಳಗೆ ಎಲೆಯೂ ಉಳಿಯುವುದಿಲ್ಲ, ಪಾಚಿಯೂ ಉಳಿಯುವುದಿಲ್ಲ. ಹಾಗಾಗಿ ಜೀವಿಗಳು ಬಿಟ್ಟುಹೋದ ಇಂಗಾಲವನ್ನು ಹುಡುಕಬೇಕಾದರೆ ಕೋಥರೂಡಿನ ಸ್ವಂತ ಕಲ್ಲು ಉಪಯೋಗಕ್ಕೆ ಬರುವುದಿಲ್ಲ.

ಆದರೆ ಕೋಥರೂಡಿಗೆ ಹೊರಗಿನಿಂದ ಬಂದ ಇನ್ನೊಂದು ಕಲ್ಲಿದೆ, ನಮ್ಮ ಹಾಗೆಯೇ. ಹಳೆಯ ಸೊಸೈಟಿಗಳ ಪಾರ್ಕಿಂಗ್, ಜಿನೆಯ ಮೆಟ್ಟಿಲು, ತುಳಸಿಕಟ್ಟೆಯ ಸುತ್ತಲಿನ ನೆಲ ನೋಡಿ. ಬೂದುಬಣ್ಣದ ಚಪ್ಪಟೆ ಕಲ್ಲು. ಇಲ್ಲಿಯವರು ಅದನ್ನು ಶಹಾಬಾದಿ ಫರಶಿ ಎನ್ನುತ್ತಾರೆ. ಶಹಾಬಾದ್ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ. ಅದೊಂದು ಸುಣ್ಣಕಲ್ಲು. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇರುವುದೂ ಇದೇ ಸುಣ್ಣಕಲ್ಲಿನ ಸೀಮೆಯಲ್ಲಿ.

ಭೂವಿಜ್ಞಾನಿಗಳು ಈ ಕಲ್ಲುಗಳ ಗುಂಪಿಗೆ ಭೀಮಾ ಗುಂಪು ಎಂದೇ ಹೆಸರಿಟ್ಟಿದ್ದಾರೆ. ಭೀಮಾ ಹುಟ್ಟುವುದು ನಮ್ಮದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಕೋಥರೂಡಿನ ಮಳೆನೀರು ಮುಠಾ ನದಿಗೆ ಹೋಗಿ, ಮುಳಾ-ಮುಠಾ ಆಗಿ, ಭೀಮೆ ಸೇರಿ, ಪಂಢರಪುರ ದಾಟಿ ಕಲಬುರಗಿ ಸೀಮೆಗೆ ಹೋಗುತ್ತದೆ. ನಾವು ನೀರು ಕಳಿಸುತ್ತೇವೆ, ಅವರು ಫರಶಿ ಕಳಿಸುತ್ತಾರೆ.

ಈ ಫರಶಿ ಪದರು ಪದರಾಗಿ ಏಳುತ್ತದೆ ಎನ್ನುವುದನ್ನು ಗಮನಿಸಿದ್ದೀರಿ. ಇದು ಪದರುಶಿಲೆ. ಶಾಲೆಯಲ್ಲಿ ಕಣಶಿಲೆ ಎಂದೂ ಓದಿದ್ದೇವೆ. ಸಮುದ್ರದ ತಳದಲ್ಲಿ ಕೆಸರು ಕೂತು ಕೂತು ಗಟ್ಟಿಯಾದದ್ದು. ಮೀನು, ಮರ, ಹುಲ್ಲು ಯಾವುದೂ ಇನ್ನೂ ಹುಟ್ಟದಿದ್ದ ಕಾಲದ ಸಮುದ್ರ ಅದು. ಅದೇ ಭೀಮಾ ಗುಂಪಿನಲ್ಲಿ ಸುಣ್ಣಕಲ್ಲಿನ ಜೊತೆಗೆ ಜೇಡಿಕಲ್ಲಿನ ಪದರುಗಳೂ ಇವೆ. ಅವುಗಳಲ್ಲಿ ಹಾಲ್ಕಲ್ ಶೇಲ್ ಎಂಬುದರಲ್ಲಿ ಸಾಸಿವೆ, ಉದ್ದಿನಕಾಳಿನಷ್ಟು ಚಿಕ್ಕ ಕಪ್ಪು ಬಿಲ್ಲೆಗಳು ಸಿಕ್ಕಿವೆ. ಅವುಗಳ ಹೆಸರು ಚುವಾರಿಯಾ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಲ್ಲುಗಳಿಂದ 1899ರಲ್ಲಿ ವಾಲ್ಕಾಟ್ ಎಂಬ ವಿಜ್ಞಾನಿ ಮೊದಲು ವರ್ಣಿಸಿದ ಜೀವಿಯದು. ಎಲುಬಿಲ್ಲ, ಚಿಪ್ಪಿಲ್ಲ. ಕಲ್ಲಿನ ಮೇಲೆ ಒತ್ತಿಹೋದ ಇಂಗಾಲದ ತೆಳು ಪೊರೆ ಮಾತ್ರ.

ಭೀಮಾ ಸೀಮೆಯ ಈ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದವರು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಜ್ಞಾನಿಗಳು. ಮಹಿಳಾ ವೇದಿಕೆಯಲ್ಲಿ ಆ ಸಂಸ್ಥೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1949ರ ಏಪ್ರಿಲ್ 3ರಂದು ನೆಹರೂ ಅವರು ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಒಂದೇ ವಾರದಲ್ಲಿ ಸ್ಥಾಪಕ ಬೀರಬಲ್ ಸಾಹನಿ ತೀರಿಕೊಂಡರು. ಸಂಸ್ಥೆಯನ್ನು ಮುಂದೆ ಎತ್ತಿ ನಿಲ್ಲಿಸಿದವರು ಅವರ ಹೆಂಡತಿ ಸಾವಿತ್ರಿ ಸಾಹನಿ.

ಈಗ ಪ್ರಶ್ನೆ. ಚುವಾರಿಯಾಕ್ಕೆ ಕೊನೇ ಪಕ್ಷ ಒಂದು ಆಕಾರವಿದೆ. ಆಕಾರವೂ ಅಳಿಸಿಹೋಗಿ, ಬರೀ ಕರಿ ಮಸಿಯಂತೆ ಇಂಗಾಲ ಉಳಿದಿದ್ದರೆ ಅದು ಒಂದು ಕಾಲದಲ್ಲಿ ಜೀವವಾಗಿತ್ತು ಎಂದು ಹೇಗೆ ಗೊತ್ತಾಗಬೇಕು?

ಹಗುರ ಇಂಗಾಲ, ಭಾರ ಇಂಗಾಲ

ಇಂಗಾಲದ ಎಲ್ಲ ಪರಮಾಣುಗಳಲ್ಲೂ ಆರು ಪ್ರೋಟಾನ್ ಇರುತ್ತವೆ. ನ್ಯೂಟ್ರಾನ್ ಮಾತ್ರ ಹೆಚ್ಚುಕಡಿಮೆ. ಆರು ನ್ಯೂಟ್ರಾನ್ ಇದ್ದರೆ ಇಂಗಾಲ-12. ಏಳು ಇದ್ದರೆ ಇಂಗಾಲ-13, ಸ್ವಲ್ಪ ಭಾರ. ಪ್ರಕೃತಿಯಲ್ಲಿ ನೂರಕ್ಕೆ ಸುಮಾರು 98.9 ಪಾಲು ಹಗುರದ್ದು, 1.1 ಪಾಲು ಭಾರದ್ದು. ಎರಡೂ ಸ್ಥಿರ, ಎಷ್ಟು ಕೋಟಿ ವರ್ಷವಾದರೂ ಹಾಗೇ ಇರುತ್ತವೆ.

ಪತ್ರಿಕೆಗಳಲ್ಲಿ ಓದುವ ಇಂಗಾಲ-14 ಬೇರೆ. ಅದು ಕ್ಷಯಿಸುತ್ತ ಹೋಗುತ್ತದೆ, 5,730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 50,000 ವರ್ಷದ ಆಚೆ ಅದರಿಂದ ಏನೂ ತಿಳಿಯುವುದಿಲ್ಲ. ಅದು ವಯಸ್ಸು ಹೇಳುವ ಗಡಿಯಾರ. ಇಂದಿನ ನಮ್ಮ ಮಾತು ವಯಸ್ಸಿನದಲ್ಲ, ಗುರುತಿನದು.

ಹಸಿರು ಗಿಡ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಸಕ್ಕರೆ ಮಾಡುತ್ತದೆ. ಈ ಕೆಲಸ ಮಾಡುವ ಕಿಣ್ವದ ಹೆಸರು ರುಬಿಸ್ಕೊ. ಅದಕ್ಕೊಂದು ಚಾಳಿ: ಹಗುರ ಇಂಗಾಲ ಸಿಕ್ಕರೆ ಬೇಗ ಹಿಡಿಯುತ್ತದೆ, ಭಾರದ್ದನ್ನು ತುಸು ಹಿಂದೆ ಬಿಡುತ್ತದೆ. ಹಾಗಾಗಿ ಗಿಡದ ಮೈಯಲ್ಲಿ ಹಗುರ ಇಂಗಾಲದ ಪ್ರಮಾಣ ಗಾಳಿಯಲ್ಲಿರುವುದಕ್ಕಿಂತ ಹೆಚ್ಚು. ವ್ಯತ್ಯಾಸ ಬಹಳ ಸಣ್ಣದು. ನೂರಕ್ಕೆ ಇಷ್ಟು ಎಂದರೆ ಕಾಣುವುದೇ ಇಲ್ಲ, ಆದ್ದರಿಂದ ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಅಳತೆಗೆ ಒಂದು ಸೊನ್ನೆ ಬೇಕಲ್ಲ? ಅಮೆರಿಕದ ಸೌತ್ ಕ್ಯಾರೊಲಿನಾದ ಒಂದು ಪಳೆಯುಳಿಕೆಯ ಸುಣ್ಣವನ್ನು ಸೊನ್ನೆ ಎಂದು ಇಟ್ಟುಕೊಂಡರು. ಸಮುದ್ರದಲ್ಲಿ ಆದ ಸಾಮಾನ್ಯ ಸುಣ್ಣಕಲ್ಲೂ ಆ ಸೊನ್ನೆಯ ಹತ್ತಿರವೇ ಬರುತ್ತದೆ. ಅದಕ್ಕಿಂತ ಹಗುರವಾದರೆ ಮೈನಸ್. ಗಿಡಮರಗಳು ಹೆಚ್ಚಾಗಿ ಮೈನಸ್ 27ರ ಆಸುಪಾಸು.

ನಮ್ಮ ತಾಟಿನಲ್ಲಿ ಎರಡು ಬಗೆ

ಹೆಚ್ಚಾಗಿ ಎಂದೆ. ಎಲ್ಲ ಗಿಡಗಳೂ ಹಾಗಲ್ಲ. ಇಲ್ಲಿಂದ ವಿಷಯ ನಮ್ಮ ಅಡುಗೆಮನೆಗೆ ಬರುತ್ತದೆ.

ಅಕ್ಕಿ, ಗೋಧಿ, ತೊಗರಿ, ಕಡಲೆ, ಶೇಂಗಾ, ಬದನೆ, ತೆಂಗು, ಮಾವು, ಇನ್ನೂ ಬಹುಪಾಲು ಗಿಡಮರಗಳು ಒಂದು ಗುಂಪು. ಇವಕ್ಕೆ ಸಿ-3 ಸಸ್ಯಗಳು ಎನ್ನುತ್ತಾರೆ. ಜೋಳ, ರಾಗಿ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು, ದಂಟಿನ ಸೊಪ್ಪು ಇನ್ನೊಂದು ಗುಂಪು. ಇವು ಸಿ-4. ಬಿಸಿಲು ನಾಡಿನ ಬಹಳಷ್ಟು ಹುಲ್ಲುಗಳೂ ಇದೇ ಗುಂಪಿನವು. ಲೋಕದ ಸಸ್ಯಜಾತಿಗಳಲ್ಲಿ ಸಿ-4 ನೂರಕ್ಕೆ ಸುಮಾರು ಮೂರು ಮಾತ್ರ. ಆದರೆ ನೆಲದ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯ ಸುಮಾರು ಕಾಲು ಪಾಲು ಅವುಗಳದೇ.

ವ್ಯತ್ಯಾಸವೇನು? ಮಂಡಈಯಲ್ಲಿ ಟೊಮೆಟೊ ರಾಶಿಯ ಮುಂದೆ ನಿಂತಾಗ ನಾವು ಚೆನ್ನಾಗಿರುವುದನ್ನು ಆರಿಸುತ್ತೇವೆ, ಬೇಡದ್ದನ್ನು ರಾಶಿಯಲ್ಲೇ ಬಿಡುತ್ತೇವೆ. ಸಿ-3 ಗಿಡ ಹಾಗೆ. ಎಲೆಯ ರಂಧ್ರ ತೆರೆದಿರುತ್ತದೆ, ಗಾಳಿ ಬರುತ್ತದೆ, ಹೋಗುತ್ತದೆ. ಹಗುರದ್ದನ್ನು ಆರಿಸಿಕೊಳ್ಳಲು ರುಬಿಸ್ಕೊಗೆ ಅವಕಾಶವಿದೆ. ಅದೇ, ಮನೆಗೆ ತಂದಿಟ್ಟ ಅರ್ಧ ಕಿಲೋ ಟೊಮೆಟೊದಲ್ಲಿ ಆರಿಸುವುದೇನಿದೆ? ಇದ್ದದ್ದನ್ನೆಲ್ಲ ಸಾರಿಗೆ ಹಾಕುತ್ತೇವೆ. ಸಿ-4 ಗಿಡ ಹೀಗೆ. ಬೇರೊಂದು ಕಿಣ್ವ ಮೊದಲು ಇಂಗಾಲವನ್ನು ಹಿಡಿದು, ಒಳಗಿನ ಬಿಗಿಯಾದ ಕೋಶಗಳಿಗೆ ಸಾಗಿಸುತ್ತದೆ. ಅಲ್ಲಿ ರುಬಿಸ್ಕೊಗೆ ಆಯ್ಕೆ ಕಡಿಮೆ. ಹಾಗಾಗಿ ಜೋಳ, ಕಬ್ಬುಗಳ ಅಂಕಿ ಮೈನಸ್ 13ರ ಸುತ್ತಮುತ್ತ. ಈ ವ್ಯವಸ್ಥೆಯಿಂದ ಗಿಡ ರಂಧ್ರಗಳನ್ನು ಹೆಚ್ಚು ಹೊತ್ತು ತೆರೆದಿಡಬೇಕಿಲ್ಲ, ನೀರು ಉಳಿಯುತ್ತದೆ. ಸೊಲ್ಲಾಪುರ, ವಿಜಯಪುರದಂಥ ಬಿಸಿಲು ಸೀಮೆಯಲ್ಲಿ ಜೋಳ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಹೀಗೆ ನೋಡಿದರೆ ಬಿಸಿಬೇಳೆಬಾತ್ ಪೂರಾ ಸಿ-3. ಜೋಳದ ರೊಟ್ಟಿ ಸಿ-4, ಅದರ ಜೊತೆಗಿನ ಎಣಗಾಯಿ ಸಿ-3. ಹೋಳಿಗೆಯಲ್ಲಿ ಬೆಲ್ಲ ಸಿ-4, ಕಡಲೆಬೇಳೆ ಮತ್ತು ಕಣಕ ಸಿ-3. ಜೋಳದ ಕಣಿಕೆ ತಿಂದ ಎಮ್ಮೆಯ ಹಾಲಿಗೂ ಅದರ ಗುರುತು ಬರುತ್ತದೆ. ನಾವು ಉಂಡದ್ದರ ಗುರುತು ನಮ್ಮ ಕೂದಲಿನಲ್ಲೂ ಇರುತ್ತದೆ. ಮುದ್ದೆ ಉಣ್ಣುವವರ ಕೂದಲು, ಅನ್ನ ಉಣ್ಣುವವರ ಕೂದಲು ಎರಡನ್ನೂ ಯಂತ್ರಕ್ಕೆ ಕೊಟ್ಟರೆ ಅಂಕಿ ಬೇರೆ ಬೇರೆ ಬರುತ್ತದೆ.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ

ಫರಶಿಯ ಮೇಲೆ ನಿಂಬೆರಸ ಚೆಲ್ಲಿದರೆ ಮಂಕು ಕಲೆ ಬೀಳುತ್ತದೆ, ನೀವೆಲ್ಲ ನೋಡಿದ್ದೀರಿ. ಹುಳಿಗೆ ಸುಣ್ಣ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಅನಿಲದ ಇಂಗಾಲ ಪ್ರಾಚೀನ ಸಮುದ್ರದ ನೀರಿನಲ್ಲಿ ಕರಗಿದ್ದದ್ದು. ವಿಜ್ಞಾನಿಗಳೂ ಇದನ್ನೇ ಮಾಡುತ್ತಾರೆ. ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಸುಣ್ಣವನ್ನೆಲ್ಲ ಕರಗಿಸುತ್ತಾರೆ. ಕರಗದೆ ಉಳಿದದ್ದರಲ್ಲಿ ಜೀವಿಗಳಿಂದ ಬಂದ ಸಾವಯವ ವಸ್ತು ಇರುತ್ತದೆ. ಅದಕ್ಕೆ ಕೆರೋಜೆನ್ ಎಂದು ಹೆಸರು. ಅದನ್ನು ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಸುಟ್ಟು, ಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ಬಿಡುತ್ತಾರೆ. ಹಗುರ ಇಂಗಾಲದ ಅನಿಲದ ತೂಕ 44, ಭಾರದ್ದಕ್ಕೆ 45. ಯಂತ್ರ ಎರಡನ್ನೂ ಬೇರೆ ಬೇರೆ ಎಣಿಸಿ ಹೇಳುತ್ತದೆ.

ಹೀಗೆ ಒಂದೇ ಕಲ್ಲಿನಿಂದ ಎರಡು ಅಂಕಿ ಸಿಗುತ್ತವೆ, ಸುಣ್ಣದ್ದೊಂದು, ಸಾವಯವದ್ದೊಂದು.

ಭೂಮಿಯ ಜಮಾಖರ್ಚು

1988ರಲ್ಲಿ ಮಾನ್‌ಫ್ರೆಡ್ ಶಿಡ್ಲೋವ್ಸ್ಕಿ ಎಂಬ ಜರ್ಮನ್ ವಿಜ್ಞಾನಿ ಲೋಕದ ನಾನಾ ಕಡೆಯ ಪದರುಶಿಲೆಗಳ ಇಂಥ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಣ್ಣಕಲ್ಲುಗಳ ಅಂಕಿ ಸೊನ್ನೆಯ ಹತ್ತಿರ. ಸಾವಯವ ಇಂಗಾಲದ ಸರಾಸರಿ ಮೈನಸ್ 25ರ ಸುತ್ತಮುತ್ತ. ನಡುವೆ ಏರಿಳಿತಗಳಿವೆ, ಆದರೂ ಈ ಅಂತರ ನೂರಾರು ಕೋಟಿ ವರ್ಷ ಹೆಚ್ಚುಕಡಿಮೆ ಹಾಗೇ ಬಂದಿದೆ. ಅಂದರೆ ಹಗುರವಾದುದನ್ನು ಆರಿಸಿಕೊಳ್ಳುವ ಚಾಳಿ ಜೀವಕ್ಕೆ ಅಷ್ಟು ಹಳೆಯದು.

ಇನ್ನು ಒಂದು ಸಣ್ಣ ಲೆಕ್ಕ ಮಾಡೋಣ. ಪೆನ್ನು ಬೇಡ. ಜ್ವಾಲಾಮುಖಿಗಳ ಮೂಲಕ ಭೂಮಿಯ ಒಡಲಿನಿಂದ ಹೊರಬರುವ ಇಂಗಾಲದ ಅಂಕಿ ಸುಮಾರು ಮೈನಸ್ 5. ಇದು ಜಮಾ. ಆ ಇಂಗಾಲ ಕೊನೆಗೆ ಎರಡು ಕಡೆ ಹೋಗಿ ಕೂರುತ್ತದೆ. ಸುಣ್ಣಕಲ್ಲಿಗೆ ಹೋದದ್ದು ಸೊನ್ನೆ, ಸಾವಯವವಾಗಿ ಹೂತುಹೋದದ್ದು ಮೈನಸ್ 25. ಎರಡನ್ನೂ ಕೂಡಿಸಿದಾಗ ಮತ್ತೆ ಮೈನಸ್ 5 ಬರಬೇಕು. ಐದರಲ್ಲಿ ಒಂದು ಪಾಲು ಸಾವಯವ, ನಾಲ್ಕು ಪಾಲು ಸುಣ್ಣ ಎಂದಿಟ್ಟರೆ ಲೆಕ್ಕ ಸರಿಹೋಗುತ್ತದೆ. ಲೋಕದ ಕಲ್ಲುಗಳನ್ನೆಲ್ಲ ತೂಗದೆಯೇ ಇಷ್ಟು ತಿಳಿಯಿತು.

ಆ ಐದನೇ ಒಂದು ಪಾಲು ಯಾಕೆ ಮುಖ್ಯ? ಗಿಡವಾಗಲಿ ಪಾಚಿಯಾಗಲಿ ಇಂಗಾಲವನ್ನು ಹಿಡಿದಾಗ ಆಮ್ಲಜನಕ ಬಿಡುತ್ತದೆ. ಅದು ಸತ್ತು ಕೊಳೆತರೆ ಅದೇ ಆಮ್ಲಜನಕ ವಾಪಸು ಖರ್ಚಾಗುತ್ತದೆ. ಬಂದದ್ದಕ್ಕೂ ಹೋದದ್ದಕ್ಕೂ ಸರಿ, ಉಳಿತಾಯ ಸೊನ್ನೆ. ಕೊಳೆಯುವ ಮೊದಲೇ ಕೆಸರಿನೊಳಗೆ ಹೂತುಹೋದರೆ ಮಾತ್ರ ಆಮ್ಲಜನಕ ಗಾಳಿಯಲ್ಲಿ ಉಳಿಯುತ್ತದೆ. ನಾವು ಈ ಕ್ಷಣ ಎಳೆದುಕೊಳ್ಳುತ್ತಿರುವ ಉಸಿರು ಪದರುಶಿಲೆಗಳಲ್ಲಿ ಹೂತ ಇಂಗಾಲದ ಉಳಿತಾಯ. ಕಾಡುಗಳು ಆಮ್ಲಜನಕದ ಕಾರ್ಖಾನೆ ಎಂದು ಹೇಳುವುದುಂಟು. ಕಾಡು ಬೇಕು, ಅದಕ್ಕೆ ಬೇರೆ ನೂರು ಕಾರಣಗಳಿವೆ. ಆದರೆ ಆಮ್ಲಜನಕದ ಠೇವಣಿ ಇರುವುದು ಜೇಡಿಕಲ್ಲಿನಲ್ಲಿ, ಕರಿಕೆಸರಿನಲ್ಲಿ.

ಒಂದೇ ಸಾಕ್ಷಿ ಸಾಲದು

ಇಲ್ಲಿ ಎಚ್ಚರವೂ ಬೇಕು. ಜೇನುತುಪ್ಪದ ಉದಾಹರಣೆ ತೆಗೆದುಕೊಳ್ಳಿ. ಜೇನುಹುಳು ಹೋಗುವ ಹೂಗಳು ಹೆಚ್ಚಾಗಿ ಸಿ-3 ಗಿಡಗಳವು. ಅದಕ್ಕೆ ಕಬ್ಬಿನ ಸಕ್ಕರೆ ಪಾಕ ಬೆರೆಸಿದರೆ ಅಂಕಿ ಮೇಲೇರಿ ಮೋಸ ಸಿಕ್ಕಿಬೀಳುತ್ತದೆ. ಬಹಳ ವರ್ಷಗಳಿಂದ ಈ ಪರೀಕ್ಷೆ ಇದೆ. ಆದರೆ ಬೆರೆಸುವವರೂ ಜಾಣರು. ಅಕ್ಕಿಯಿಂದ ಮಾಡಿದ ಸಿರಪ್ ಬೆರೆಸಿದರೆ ಅದೂ ಸಿ-3, ಅಂಕಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು.

ಕಲ್ಲಿನಲ್ಲೂ ಹಾಗೆಯೇ. ಗ್ರೀನ್‌ಲ್ಯಾಂಡ್‌ನ ಇಸುವಾ ಎಂಬಲ್ಲಿ ಸುಮಾರು 370 ಕೋಟಿ ವರ್ಷ ಹಳೆಯ ಕಲ್ಲುಗಳಿವೆ. 1999ರಲ್ಲಿ ಮಿನಿಕ್ ರೋಸಿಂಗ್ ಅಲ್ಲಿನ ಗ್ರಾಫೈಟ್ ಕಣಗಳ ಅಂಕಿ ಸುಮಾರು ಮೈನಸ್ 19 ಎಂದು ತೋರಿಸಿ, ಇದು ಜೀವದ ಗುರುತು ಎಂದರು. ಕೆಸರಾಗಿ ಕೂತ ಕಲ್ಲಿನಲ್ಲಿ ಸಿಕ್ಕದ್ದರಿಂದ ಆ ಮಾತಿಗೆ ಬಲವಿತ್ತು. ಆದರೆ ಅದೇ ಸೀಮೆಯ ಬೇರೆ ಕಲ್ಲುಗಳ ಗ್ರಾಫೈಟ್ ಅನ್ನು ಪರೀಕ್ಷಿಸಿದವರು 2002ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಕಬ್ಬಿಣದ ಕಾರ್ಬೋನೇಟ್ ಖನಿಜ ಬಿಸಿಯಾಗಿ ಒಡೆದರೂ ಗ್ರಾಫೈಟ್ ಆಗುತ್ತದೆ, ಅದಕ್ಕೆ ಜೀವವೇ ಬೇಕಿಲ್ಲ.

ನಮ್ಮ ಕರ್ನಾಟಕದಲ್ಲೂ ಇಂಥ ಹಳೆಯ ಕಲ್ಲುಗಳಿವೆ. ಚಿತ್ರದುರ್ಗ ಸೀಮೆಯ ಧಾರವಾಡ ಶಿಲೆಗಳಿಗೆ 260 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ಅದರಲ್ಲೊಂದು ಪದರಕ್ಕೆ ವಾಣಿವಿಲಾಸ ಸಾಗರದ ಹೆಸರನ್ನೇ ಇಟ್ಟಿದ್ದಾರೆ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಎಂಬ ರಚನೆಗಳಿವೆ. ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿ, ಪದರದ ಮೇಲೆ ಪದರ ಕಟ್ಟಿದವು ಅವು. ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಸೇರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ ದೊಡ್ಡಗುಣಿಯ ಆ ಜೀವಿಗಳು ಅದಕ್ಕಿಂತಲೂ ಹಿರಿಯರು. ಇಂಥ ಕಲ್ಲುಗಳು ನೆಲದಾಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿವೆ. ಕಾದಾಗ ಹಗುರ ಇಂಗಾಲ ಮೊದಲು ಹಾರಿಹೋಗುತ್ತದೆ, ಉಳಿದದ್ದರ ಅಂಕಿ ಭಾರದ ಕಡೆ ಸರಿಯುತ್ತದೆ. ಆದ್ದರಿಂದ ಬರೀ ಅಂಕಿ ನೋಡಿದರೆ ಸಾಲದು. ಕಲ್ಲು ಹೇಗೆ ಕೂತಿದೆ, ಎಷ್ಟು ಕಾದಿದೆ, ಜೊತೆಗೆ ಯಾವ ಆಕಾರಗಳಿವೆ ಎಂದು ಎಲ್ಲ ಸಾಕ್ಷಿಗಳನ್ನೂ ಕೂರಿಸಿ ಕೇಳಬೇಕು.

ಎಲೆಯ ಮೇಣ ಹೇಳಿದ ಬರದ ಕಥೆ

ಕಲ್ಲಾಗುವ ಮೊದಲಿನ ಕೆಸರನ್ನೂ ಇದೇ ರೀತಿ ಓದಬಹುದು. ಅಲ್ಲಿ ನಮ್ಮ ದಖ್ಖನಿನ ಕಥೆಯೇ ಇದೆ.

ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ, ಮುತ್ತಿನಂತೆ ಜಾರುತ್ತದೆ. ಎಲೆಗೆ ಮೇಣದ ಲೇಪವಿದೆ. ಎಲ್ಲ ಗಿಡಗಳ ಎಲೆಗೂ ಹೆಚ್ಚುಕಡಿಮೆ ಇದು ಇರುತ್ತದೆ. ಎಲೆ ಕೊಳೆತರೂ ಮೇಣ ಬೇಗ ಕೊಳೆಯುವುದಿಲ್ಲ. ಮಳೆಗೆ ತೊಳೆದು, ಹೊಳೆ ಸೇರಿ, ಸಮುದ್ರದ ತಳದ ಕೆಸರಿನಲ್ಲಿ ಕೂರುತ್ತದೆ. ಆ ಮೇಣದ ಇಂಗಾಲ ನೋಡಿದರೆ ನದಿಯ ಮೇಲ್ಗಡೆ ಸಿ-3 ಗಿಡಗಳು ಹೆಚ್ಚಿದ್ದವೋ ಸಿ-4 ಹುಲ್ಲು ಹೆಚ್ಚಿತ್ತೋ ತಿಳಿಯುತ್ತದೆ.

ನಾಸಿಕದ ತ್ರ್ಯಂಬಕೇಶ್ವರದ ಬಳಿ ಹುಟ್ಟುವ ಗೋದಾವರಿ ದಖ್ಖನಿನ ನಡುಭಾಗವನ್ನೆಲ್ಲ ತೊಳೆದುಕೊಂಡು ಬಂಗಾಳ ಕೊಲ್ಲಿಗೆ ಸೇರುತ್ತದೆ. ಅದರ ಮುಖದ ಆಚೆ ಸಮುದ್ರದಲ್ಲಿ ಕೊರೆದು ತೆಗೆದ ಕೆಸರಿನ ಕಂಬವನ್ನು ಕಮಿಲೊ ಪೊಂಟನ್ ಮತ್ತು ಸಂಗಡಿಗರು ಓದಿ 2012ರಲ್ಲಿ ಪ್ರಕಟಿಸಿದರು. ಸುಮಾರು 4,000 ವರ್ಷಗಳ ಹಿಂದಿನಿಂದ 1,700 ವರ್ಷಗಳ ಹಿಂದಿನವರೆಗೆ ಒಣಹವೆಗೆ ಒಗ್ಗುವ ಸಸ್ಯಗಳು ನಿಧಾನವಾಗಿ ಹೆಚ್ಚುತ್ತ ಹೋದವು, ಆಮೇಲೂ ಹಾಗೇ ಉಳಿದವು ಎಂದು ಅದರಿಂದ ತಿಳಿಯಿತು.

ಆ ಕಾಲದಲ್ಲಿ ಇಲ್ಲಿ ಜನ ಹೇಗಿದ್ದರು? ನಮ್ಮದೇ ಜಿಲ್ಲೆಯ ಶಿರೂರು ತಾಲೂಕಿನಲ್ಲಿ, ಘೋಡ್ ನದಿಯ ದಂಡೆಯಲ್ಲಿ ಇನಾಮಗಾಂವ್ ಇದೆ. ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಲ್ಲಿ ಅಗೆದರು. ಕ್ರಿಸ್ತಪೂರ್ವ ಸುಮಾರು 1600ರಿಂದ 700ರವರೆಗೆ ಅಲ್ಲಿ ಊರಿತ್ತು. ಬಾರ್ಲಿ ಬೆಳೆಯುತ್ತಿದ್ದರು, ನೀರಿನ ಕಾಲುವೆ ಮಾಡಿಕೊಂಡಿದ್ದರು. ಕ್ರಿಸ್ತಪೂರ್ವ 1000ದ ನಂತರ ದೊಡ್ಡ ಚೌಕ ಮನೆಗಳು ಹೋಗಿ ಚಿಕ್ಕ ದುಂಡು ಗುಡಿಸಲುಗಳು ಬಂದವು. ಕೊನೆಗೆ ಊರೇ ಬರಿದಾಯಿತು. ಮಳೆ ಕಡಿಮೆಯಾದದ್ದು ಇದಕ್ಕೆ ಕಾರಣ ಎಂದು ಅಗೆತದ ಮುಂದಾಳುಗಳಲ್ಲಿ ಒಬ್ಬರಾದ ಎಂ. ಕೆ. ಧವಳೀಕರ್ ವಾದಿಸಿದ್ದರು. ಅವರಿಗೆ ಆಗ ಎಲೆಯ ಮೇಣದ ಈ ಸಾಕ್ಷಿ ಇರಲಿಲ್ಲ. ಗೋದಾವರಿ ಬೇರೆ ಕಣಿವೆ, ಇನಾಮಗಾಂವ್ ಭೀಮೆಯ ಕಣಿವೆ. ಆದರೂ ಎರಡೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

ಹುಲ್ಲು ಅಂದರೆ ಹಾಳು ನೆಲವೇ?

ಈ ಓದಿನಿಂದ ಇವತ್ತಿನ ಒಂದು ಜಗಳಕ್ಕೂ ಬೆಳಕು ಬೀಳುತ್ತದೆ. ನೀಲಗಿರಿಯ ಎತ್ತರದಲ್ಲಿ ಶೋಲಾ ಕಾಡು, ಅದರ ಸುತ್ತ ಹುಲ್ಲುಗಾವಲು. ಆ ಹುಲ್ಲುಗಾವಲು ಜನ ಕಾಡು ಕಡಿದು ಸುಟ್ಟದ್ದರಿಂದ ಆದದ್ದು ಎಂಬ ವಾದವಿತ್ತು. ಖಾಲಿ ನೆಲ ಎಂದುಕೊಂಡು ಅಲ್ಲಿ ವಾಟಲ್, ನೀಲಗಿರಿ ಮರಗಳನ್ನು ನೆಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅಲ್ಲಿನ ಜೌಗಿನ ಪೀಟ್ ಮಣ್ಣಿನ ಇಂಗಾಲವನ್ನು ಅಳೆದು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಒಣ ಕಾಲದಲ್ಲಿ, ಅಲ್ಲಿ ಸಿ-4 ಹುಲ್ಲು ಮೇಲುಗೈ ಪಡೆದಿತ್ತು. ಆಮೇಲೆ ಮಳೆ ಹೆಚ್ಚಾದಾಗ ಸಿ-3 ಹೆಚ್ಚಿತು, ಒಣಗಿದಾಗ ಮತ್ತೆ ಹುಲ್ಲು ಹೆಚ್ಚಿತು. ಕೊಡಲಿ ಹಿಡಿದವರು ಬರುವ ಎಷ್ಟೋ ಮೊದಲೇ ಹುಲ್ಲು ಅಲ್ಲಿನ ಮನೆಮಗಳಾಗಿತ್ತು.

ನಮ್ಮ ಪುಣೆಯ ಟೇಕಡಿಗಳ ಮೇಲೆ ಪ್ರತಿ ಮಳೆಗಾಲ ಗಿಡ ನೆಡುವ ಕಾರ್ಯಕ್ರಮ ನಡೆಯುತ್ತದೆ, ನಾವೂ ಉತ್ಸಾಹದಿಂದ ಹೋಗುತ್ತೇವೆ. ಹೊರದೇಶದಿಂದ ಬಂದ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ, ಈ ಗುಡ್ಡಗಳಲ್ಲಿ ತುಂಬಿಕೊಂಡಿದೆ. ಗಿಡ ನೆಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಮೊದಲು ಏನಿತ್ತು ಎಂದು ಮಣ್ಣನ್ನು ಕೇಳಿ ನೆಡೋಣ ಎನ್ನುತ್ತಿದ್ದೇನೆ. ಟೇಕಡಿಯ ಮಣ್ಣನ್ನು ಮೇಲಿನಿಂದ ಕೆಳಗೆ ಹಂತ ಹಂತವಾಗಿ ತೆಗೆದು ಅಳೆದರೆ, ಆಳದಲ್ಲಿ ಹುಲ್ಲಿನ ಗುರುತಿದೆಯೋ ಮರದ ಗುರುತಿದೆಯೋ ತಿಳಿಯುತ್ತದೆ. ಹುಲ್ಲನ್ನೇ ನಂಬಿದ ಹಕ್ಕಿ, ಚಿಟ್ಟೆ, ಹೂಗಿಡಗಳಿಗೆ ಹುಲ್ಲೇ ಮನೆ. ಹಸಿರು ಎಂದರೆ ಮರ ಮಾತ್ರ ಅಲ್ಲ.

ಠೇವಣಿ ಒಡೆದು ಖರ್ಚು

ಕೊನೆಯ ಮಾತಿಗೆ ಬರುತ್ತೇನೆ. ಹೂತ ಇಂಗಾಲ ನಮ್ಮ ಉಸಿರಿನ ಠೇವಣಿ ಎಂದೆ. ನಮ್ಮ ರಾಜ್ಯದ್ದೇ ಚಂದ್ರಪುರ ಸೀಮೆಯ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಕಾಡುಗಳು ಹೂತು ಆದದ್ದು. ಅದನ್ನು ಅಗೆದು ಸುಟ್ಟು ಕರೆಂಟ್ ಮಾಡುತ್ತೇವೆ. ನಾನೂ ಅದೇ ಕರೆಂಟಿನಲ್ಲಿ ಮಿಕ್ಸರ್ ತಿರುಗಿಸುವವಳೇ.

ಆಮ್ಲಜನಕ ಮುಗಿದುಹೋಗುತ್ತದೆ ಎಂದು ಹೆದರಬೇಕಾಗಿಲ್ಲ, ಅದರ ದಾಸ್ತಾನು ದೊಡ್ಡದು. ಹೂತ ಸಾವಯವದಲ್ಲಿ ಬಹುಪಾಲು ಸುಡಲು ಸಿಗುವ ರೂಪದಲ್ಲೂ ಇಲ್ಲ, ಜೇಡಿಕಲ್ಲಿನಲ್ಲಿ ಹಂಚಿಹೋಗಿದೆ. ತೊಂದರೆ ಇರುವುದು ಇನ್ನೊಂದು ಕಡೆ. ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 280 ಪಾಲು ಇತ್ತು. ಈಗ 420 ದಾಟಿದೆ. ಇದು ಜ್ವಾಲಾಮುಖಿಯಿಂದ ಬಂದಿರಬಹುದು, ಸಮುದ್ರದಿಂದ ಬಂದಿರಬಹುದು, ನಮ್ಮ ತಪ್ಪೇನು ಎಂದು ವಾದಿಸುವವರಿದ್ದಾರೆ. ಉತ್ತರ ಐಸೋಟೋಪ್‌ಗಳಲ್ಲಿದೆ. ಗಾಳಿಯ ಇಂಗಾಲದ ಅಂಕಿ ಆಗ ಮೈನಸ್ 6.5ರ ಹತ್ತಿರ ಇತ್ತು. ಈಗ ಮೈನಸ್ 8.5ರ ಸುಮಾರಿಗೆ ಇಳಿದಿದೆ. ಜ್ವಾಲಾಮುಖಿಯ ಅಂಕಿ ಮೈನಸ್ 5, ಸಮುದ್ರದ್ದು ಸೊನ್ನೆಯ ಹತ್ತಿರ. ಅವು ಬೆರೆತಿದ್ದರೆ ಗಾಳಿ ಇಷ್ಟು ಹಗುರವಾಗುತ್ತಿರಲಿಲ್ಲ. ಮೈನಸ್ 25ರ ಸುತ್ತಮುತ್ತಲಿನ ಇಂಗಾಲ ಬೆರೆತಿದೆ, ಅಂದರೆ ಒಂದು ಕಾಲದಲ್ಲಿ ಗಿಡವಾಗಿದ್ದ ಇಂಗಾಲ. ಈಗಿನ ಕಾಡು ಸುಟ್ಟರೂ ಇದೇ ಅಂಕಿ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕೆ ಇಂಗಾಲ-14 ಬರುತ್ತದೆ. ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಕ್ಷಯಿಸಿಹೋಗಿದೆ, ಈಗಿನ ಕಾಡಿನಲ್ಲಿ ಇದೆ. ಆ ಸಾಕ್ಷಿಯೂ ಬೊಟ್ಟು ಮಾಡುವುದು ಹಳೆಯ ಹೂತ ಇಂಗಾಲದ ಕಡೆಗೇ.

ಇಂದು ನದಿಗಳ ಮುಖದಲ್ಲಿ, ಕೆರೆಗಳ ತಳದಲ್ಲಿ ಕೂರುತ್ತಿರುವ ಕೆಸರಿನಲ್ಲೂ ಈ ಹಗುರವಾದ ಅಂಕಿ ದಾಖಲಾಗುತ್ತಿದೆ. ನಾವು ಉಂಡದ್ದು, ಬೆಳೆದದ್ದು, ಸುಟ್ಟದ್ದು ಎಲ್ಲವೂ ಆ ಖಾತೆಯಲ್ಲಿ ಬರೆದುಕೊಳ್ಳುತ್ತದೆ. ಇನಾಮಗಾಂವಿನ ಹೆಣ್ಣುಮಕ್ಕಳು ಮಳೆಯನ್ನು ಬದಲಿಸಲಾರದವರಾಗಿದ್ದರು, ಬಂದ ಬರಕ್ಕೆ ಹೊಂದಿಕೊಂಡರು. ನಮ್ಮ ಸ್ಥಿತಿ ಹಾಗಲ್ಲ. ಗಾಳಿಯನ್ನು ಬದಲಿಸುತ್ತಿರುವವರು ನಾವೇ ಎಂದು ನಮಗೆ ಗೊತ್ತಿದೆ, ಅಂಕಿಯ ಸಮೇತ ಗೊತ್ತಿದೆ. ಮನೆಯ ಜಮಾಖರ್ಚನ್ನು ತಿಂಗಳು ತಿಂಗಳು ಸರಿದೂಗಿಸುವ ನಮಗೆ ಈ ಲೆಕ್ಕ ಅರ್ಥವಾಗದ್ದೇನಲ್ಲ.

ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೋಳಿಗೆ ಬಡಿಸುವಾಗ ಬೆಲ್ಲದ ಇಂಗಾಲ ಬೇರೆ, ಬೇಳೆಯ ಇಂಗಾಲ ಬೇರೆ ಎಂದು ಹೇಳಿ ನೋಡಿ. ಅವರು ಯಾಕೆ ಎಂದು ಕೇಳುತ್ತಾರೆ. ಅಲ್ಲಿಂದ ಕಲಬುರಗಿಯ ಫರಶಿಯವರೆಗೆ ಮಾತು ತಾನೇ ಬೆಳೆಯುತ್ತದೆ.

 ಪ್ರಶ್ನೆಗಳಿದ್ದರೆ ಚಹಾ ಕುಡಿಯುತ್ತ ಮಾತಾಡೋಣ.